ಸಹಾಯ ಬೇಕು: 15ಜಿ ನಮೂನೆಗಳ ಕ್ರಮಸಂಖ್ಯೆ ಕಲಸುಮೇಲೋಗರ

ಕೋಲಾರದ ಎಪಿಎಂಸಿಯಲ್ಲಿ ನಮ್ಮದು ಟೊಮೆಟೊ ಮಂಡಿ, ಪಾಲುದಾರಿಕೆ ಸಂಸ್ಥೆ. ನೆಂಟರಿಷ್ಟರಿಂದ ಸಾಲ ಪಡೆದು ಬಡ್ಡಿ ಕೊಡುತ್ತೇವೆ. 2025-26ರಲ್ಲಿ ನಮ್ಮಂಥವರು ಕೊಡುವ ಬಡ್ಡಿ ವರ್ಷಕ್ಕೆ 10,000 ರೂಪಾಯಿ ದಾಟಿದರೆ ಟಿಡಿಎಸ್ (ಮೂಲದಲ್ಲೇ ತೆರಿಗೆ) ಕಡಿಯಬೇಕು. ಹಾಗಾಗಿ ಎಲ್ಲರೂ ‘ನಮಗೆ ತೆರಿಗೆ ಬರುವುದಿಲ್ಲ, ಕಡಿಯಬೇಡಿ’ ಎನ್ನುವ ಘೋಷಣಾ ಪತ್ರ (15ಜಿ, ಹಿರಿಯ ನಾಗರಿಕರಾದರೆ 15ಎಚ್) ಹಿಡಿದು ಬಂದರು.

ಪ್ರತಿ ಪತ್ರಕ್ಕೂ ನಾವೇ ವಿಶಿಷ್ಟ ಸಂಖ್ಯೆ ಕೊಡಬೇಕು: ಜಿ ಅಥವಾ ಎಚ್ ಅಕ್ಷರ, ಒಂಬತ್ತು ಅಂಕಿ, ಜೊತೆಗೆ ಆರ್ಥಿಕ ವರ್ಷ ಮತ್ತು ನಮ್ಮ ಟ್ಯಾನ್ (ತೆರಿಗೆ ಕಡಿಯುವವರ ಖಾತೆ ಸಂಖ್ಯೆ). ಈ ಸರಣಿ ವರ್ಷಪೂರ್ತಿ ಮುಂದುವರಿಯಬೇಕು. ಲೆಕ್ಕ ಬರೆಯುವ ಹುಡುಗ ಎರಡನೇ ತ್ರೈಮಾಸಿಕದಲ್ಲಿ ಮತ್ತೆ ಒಂದರಿಂದ ಶುರು ಮಾಡಿ, ಅಕ್ಟೋಬರ್ 15ರ ಗಡುವಿಗೆ ಅಪ್‌ಲೋಡ್ ಕೂಡ ಮಾಡಿಬಿಟ್ಟಿದ್ದಾನೆ. (ಬೈದು ಪ್ರಯೋಜನವಿಲ್ಲ, ಹೇಳಿಕೊಟ್ಟವನು ನಾನೇ.) ಈಗ ಒಂದೇ ಸಂಖ್ಯೆಗೆ ಇಬ್ಬರು ವಾರಸುದಾರರು. ಇದನ್ನು ತಿದ್ದುವ ದಾರಿ ಯಾವುದು? ಮೂರು ತಿಂಗಳಿಗೊಮ್ಮೆ ಸಲ್ಲಿಸುವ 26ಕ್ಯು ಟಿಡಿಎಸ್ ವಿವರಪಟ್ಟಿಯಲ್ಲಿ ಯಾವ ಸಂಖ್ಯೆ ನಮೂದಿಸಲಿ?

ಇನ್ನೊಂದು ತಲೆನೋವು ಭಾವನದು. ವಯಸ್ಸು 42, ನಮ್ಮಿಂದಲೇ ವರ್ಷಕ್ಕೆ 4.2 ಲಕ್ಷ ಬಡ್ಡಿ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ತನಗೆ ತೆರಿಗೆಯೇ ಇಲ್ಲ ಎಂಬುದು ಅವರ ವಾದ. ಆದರೆ 15ಜಿ ಕೊಡಲು ತೆರಿಗೆ ಶೂನ್ಯವಾದರೆ ಸಾಲದು, ಬಡ್ಡಿಯ ಮೊತ್ತವೂ 4 ಲಕ್ಷದ ಮೂಲ ವಿನಾಯಿತಿ ಮಿತಿಯೊಳಗಿರಬೇಕು. ಅರವತ್ತು ದಾಟಿದ ಅವರ ತಾಯಿಯ 15ಎಚ್‌ಗೆ ಈ ಎರಡನೇ ಷರತ್ತಿಲ್ಲ. ಅದನ್ನೇ ತೋರಿಸಿ ಭಾವ ಜಗಳಕ್ಕೆ ನಿಂತಿದ್ದಾರೆ.

ಏಪ್ರಿಲ್‌ನಲ್ಲಿ ಅಪ್ಪ ದಾಕ್ಷಿಣ್ಯಕ್ಕೆ ಭಾವನ 15ಜಿ ತೆಗೆದುಕೊಂಡಿದ್ದರು, ತೆರಿಗೆ ಕಡಿದಿಲ್ಲ. ಉಳಿದ ಕಂತುಗಳಲ್ಲಿ ಹಿಂದಿನ ಕಡಿತವನ್ನೂ ಸೇರಿಸಿ ಹಿಡಿದರೆ ಸಾಕೇ, ತಡವಾಗಿ ಕಡಿದಿದ್ದಕ್ಕೆ ಇಲಾಖೆಗೆ ಬಡ್ಡಿಯನ್ನೂ ಕಟ್ಟಬೇಕೇ? ಇಂಥದ್ದನ್ನು ಸ್ವತಃ ನಿಭಾಯಿಸಿದವರು ದಯವಿಟ್ಟು ತಿಳಿಸಿ.