ಕೇಳಲು ಬರುವವರು ಹಾಡಲು ಕೂರುವಂತೆ ಮಾಡುವುದು ಹೇಗೆ?

ತುಂತುಣಿ_ಧಾರವಾಡ:
ಎಲ್ಲರಿಗೂ ಶರಣು. ಧಾರವಾಡದ ನಮ್ಮ ಬಡಾವಣೆಯಲ್ಲಿ ಹದಿನಾಲ್ಕು ಜನ ಸೇರಿ ಸಣ್ಣ ಜಾನಪದ ಹಾಡಿನ ಸಂಘ ಕಟ್ಟಿಕೊಂಡಿದ್ದೇವೆ. ನಾನು ನಿವೃತ್ತ ಅಂಚೆ ನೌಕರ. ತುಂತುಣಿ ಮೀಟುತ್ತೇನೆ, ಹಿಮ್ಮೇಳದಲ್ಲಿ ಸೊಲ್ಲು ಹಿಡಿಯುತ್ತೇನೆ, ಅಷ್ಟೇ.

ಹೋದ ವರ್ಷ ನಾಲ್ಕು ಕಾರ್ಯಕ್ರಮ ಮಾಡಿದೆವು. ಎಲ್ಲಮ್ಮನ ಚೌಡಿಕೆ ಪದ, ತತ್ವಪದದ ಭಜನೆ, ಡೊಳ್ಳು, ಕೊನೆಗೆ ಎರಡು ಮೇಳ ಎದುರಾಗಿ ಸವಾಲು-ಜವಾಬು ಹಾಡುವ ಹರದೇಶಿ-ನಾಗೇಶಿ ಗೀಗೀ ಪದ. ಜನ ಚೆನ್ನಾಗಿಯೇ ಬಂದರು. ಕುರ್ಚಿ ಸಾಲದೆ ಬಾಗಿಲಲ್ಲಿ ನಿಂತವರೂ ಇದ್ದರು. ಆದರೆ ಪ್ರತಿ ಅಮಾವಾಸ್ಯೆ ಸಂಜೆ ಗುಡಿಯ ಕಟ್ಟೆ ಮೇಲೆ ನಾವೇ ಹಾಡಲು ಕೂರುತ್ತೇವಲ್ಲ, ಅಲ್ಲಿಗೆ ಎಂಟು ಜನರ ಮೇಲೆ ಯಾರೂ ಬರುವುದಿಲ್ಲ.

ಹರದೇಶಿ-ನಾಗೇಶಿ ದಿನದ ನೋವು ಇನ್ನೂ ಹೋಗಿಲ್ಲ. ಗಂಡು ಹೆಚ್ಚು ಎಂದು ಹರದೇಶಿಯವರು ಸವಾಲು ಹಾಕಿದ್ದರು. ಹೆಣ್ಣೇ ಹೆಚ್ಚು ಎಂದು ನಾಗೇಶಿಯವರು ಎದ್ದು ನಿಂತು ದಪ್ಪು ಎಂಬ ಚರ್ಮವಾದ್ಯಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಸಭಾಭವನದವರು ಬಂದು ಒಂಬತ್ತೂವರೆ ಆಯಿತು ಎಂದು ದೀಪ ಆರಿಸಿಬಿಟ್ಟರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಕತ್ತಲಲ್ಲೇ ಕೇಳಿದರು, "ಆಕಿ ಇನ್ನೂ ಉತ್ತರಾನ ಕೊಟ್ಟಿಲ್ಲಲ್ಲೋ ತಮ್ಮಾ?" ನನ್ನ ಹತ್ತಿರ ಮಾತಿರಲಿಲ್ಲ.

ಆ ಅಜ್ಜಿ ನಮ್ಮ ಓಣಿಯವರೇ. ಜೋಳ ಹಸನು ಮಾಡುವಾಗ ಸಣ್ಣಗೆ ಹಾಡಿಕೊಳ್ಳುತ್ತಾರೆ. ದಾಟಿ ಹೋಗುವಾಗ ನನ್ನ ಕಾಲು ತಾನೇ ನಿಲ್ಲುತ್ತದೆ. ಮೈಕಿನ ಮುಂದೆ ಬನ್ನಿ ಎಂದು ಎಷ್ಟೋ ಸಲ ಕರೆದೆ. "ನನಗೇನ್ ಬರತದಪ್ಪಾ" ಎಂದು ಮೊರ ಎತ್ತಿಕೊಂಡು ಒಳಗೆ ಹೋಗುತ್ತಾರೆ.

ಈ ಸಲ ನಾಗರಪಂಚಮಿಯಿಂದ ಹೋಳಿಯವರೆಗೆ ತಿಂಗಳಿಗೊಂದು, ಎರಡನೇ ಭಾನುವಾರ ಎಂದುಕೊಂಡಿದ್ದೇವೆ. ದುಡ್ಡು ಮೂರು ಮೇಳ ಕರೆಸುವಷ್ಟೇ ಇದೆ. ಉಳಿದ ತಿಂಗಳು ಓಣಿಯವರೇ ಹಾಡಬೇಕು ಎಂಬ ಆಸೆ. ಅವರನ್ನು ಹೇಗೆ ಕೂಡಿಸುವುದು? ಮಾಡಿ ನೋಡಿದವರು ಹೇಳಿ.

ಬೀಸುಕಲ್ಲು:
ಅಣ್ಣಾರೆ, ಮೊದಲು ಮೈಕು ತೆಗೆಯಿರಿ. ನಾನು ಇಂಡಿ ಕಡೆಯವಳು. ನಮ್ಮವ್ವ ಮತ್ತು ದೊಡ್ಡವ್ವ ನಸುಕಿನಲ್ಲಿ ಎದುರುಬದುರು ಕೂತು ಬೀಸುತ್ತಿದ್ದರು. ಒಬ್ಬರು ಸೊಲ್ಲು ಎತ್ತಿದರೆ ಇನ್ನೊಬ್ಬರು ಹಿಡಿಯುತ್ತಿದ್ದರು. ಒಬ್ಬರಿಗೆ ದಣಿವಾದರೆ ಕಲ್ಲೂ ನಿಲ್ಲುತ್ತಿರಲಿಲ್ಲ, ಹಾಡೂ ನಿಲ್ಲುತ್ತಿರಲಿಲ್ಲ. ಅದು ಒಬ್ಬರೇ ಎದ್ದು ನಿಂತು ಹಾಡುವ ಹಾಡೇ ಅಲ್ಲ. ನೀವು ಅಜ್ಜಿಯನ್ನು ಒಬ್ಬರನ್ನೇ ಕರೆದರೆ ಬೀಸುಕಲ್ಲಿನ ಗೂಟಕ್ಕೆ ಒಂದೇ ಕೈ ಉಳಿಯುತ್ತದೆ. ಅವರಿಗೆ ಜೊತೆ ಬೇಕು, ಕೈಗೆ ಕೆಲಸ ಬೇಕು.

ನಮ್ಮ ಕಡೆಯ ಹಲಸಂಗಿ ಊರಿನ ಸಾಹಿತಿಗಳ ಬಳಗ, ಹಲಸಂಗಿ ಗೆಳೆಯರು, ಅಷ್ಟೊಂದು ತ್ರಿಪದಿ ಕೂಡಿಸಿದ್ದು ಹೀಗೆ ಬೀಸುತ್ತ ಕುಟ್ಟುತ್ತ ಹಾಡುತ್ತಿದ್ದ ಹೆಣ್ಣುಮಕ್ಕಳ ಹಾಡುಗಳಿಂದಲೇ ಅಲ್ವಾ? ಅವರ ಮನೆಕಟ್ಟೆಗೆ ನೀವೇ ಹೋಗಿ. ಬೇಡವೆಂದರೆ ಹಾಡಿಸಬೇಡಿ. ಸುಮ್ನೆ ಜೋಳ ಹಸನು ಮಾಡಿ ಬನ್ನಿ.

ಹಂತಿ_ಗದಗ:
ಅಕ್ಕಾರ ಮಾತು ಖರೆ. ನನ್ನದೊಂದು ಸೇರಿಸುತ್ತೇನೆ. ಎರಡನೇ ಭಾನುವಾರ ಬಿಡಿ ಸರ್. ನಮ್ಮ ಹಾಡಿಗೆ ಅದರದೇ ದಿನ ಇದೆ. ಪಂಚಮಿಗೆ ಜೋಕಾಲಿ ಹಾಡು. ದೀಪಾವಳಿಗೆ ದೀಪ ಹಿಡಿದು ದನದ ಕೊಟ್ಟಿಗೆಗೆ ಹೋಗಿ ಹುಡುಗರು ಹಾಡುವ ಆಣಿ-ಪೀಣಿ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಹಿಡಿದ ಹುಡುಗಿಯರ ಹಾಡು, ಕೋಲಾಟ. ಆ ದಿನ ಕರೆದರೆ ಯಾರೂ "ನನಗೆ ಬರಲ್ಲ" ಎನ್ನುವುದಿಲ್ಲ. ಅವತ್ತು ಅದು ಕಾರ್ಯಕ್ರಮ ಅಲ್ಲ, ಹಬ್ಬ.

ಭಾದ್ರಪದದಲ್ಲಿ ಜೋಕುಮಾರನ ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿ ಹೊತ್ತು, ಹಾಡುತ್ತ ಹೆಣ್ಣುಮಕ್ಕಳು ಮನೆಮನೆಗೆ ಬರುತ್ತಾರೆ. ಈಗ ಎಷ್ಟೋ ಮನೆಯವರು ಬಾಗಿಲಲ್ಲೇ ಹತ್ತು ರೂಪಾಯಿ ಕೊಟ್ಟು ಕಳಿಸಿಬಿಡುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ನಿಮ್ಮ ಸಂಘದವರು ಅವರನ್ನು ಕೂಡಿಸಿ, ಚಹಾ ಕೊಟ್ಟು, ಪೂರ್ತಿ ಹಾಡು ಕೇಳಿ, ಮೊರದ ತುಂಬ ಜೋಳ ಕೊಟ್ಟು ಕಳಿಸಿ. ಅವರಿಗಿಂತ ದೊಡ್ಡ ಮೇಳ ಎಲ್ಲಿಂದ ತರುತ್ತೀರಿ?

ಒಂದು ಕೋರಿಕೆ. ಹಂತಿ ಪದ ಬಲ್ಲ ಹಿರಿಯರು ನಿಮ್ಮ ಸುತ್ತಲ ಹಳ್ಳಿಗಳಲ್ಲಿದ್ದರೆ ಅವರನ್ನು ಮೊದಲು ಕರೆಯಿರಿ. ಕಣದಲ್ಲಿ ಮೇಟಿ ಕಂಬದ ಸುತ್ತ ರಾಶಿಯ ಎತ್ತು ತಿರುಗುವಾಗ ನಮ್ಮಪ್ಪ ಅವನ್ನು ರಾತ್ರಿಯಿಡೀ ಹಾಡುತ್ತಿದ್ದರು. ಈಗ ರಾಶಿ ಮಷೀನು ಬಂದು ಒಂದು ತಾಸಿನಲ್ಲಿ ಕೆಲಸ ಮುಗಿಸುತ್ತದೆ. ಕೆಲಸ ಹೋಯಿತು, ಹಾಡು ಇನ್ನೂ ಕೆಲವರ ಬಾಯಲ್ಲಿದೆ. ನಮ್ಮಪ್ಪನ ಬಾಯಿಂದ ನಾನು ಬರೆದುಕೊಂಡಿದ್ದು ಆರು ಪದ ಮಾತ್ರ. ಅವರು ಹೋದ ಮೇಲೆ ಉಳಿದವನ್ನು ಯಾರ ಹತ್ತಿರ ಕೇಳಲಿ?

ದಪ್ಪಿನ_ಪೆಟ್ಟು:
ನಾನು ಹರದೇಶಿ ಮೇಳದಲ್ಲಿ ದಪ್ಪು ಬಾರಿಸುವವನು. ಎರಡು ತಾಸಿನಲ್ಲಿ ಸವಾಲು-ಜವಾಬು ಮುಗಿಯುವುದಿಲ್ಲರೀ. ಊರಲ್ಲಿ ಬೆಳಗಾಗುವ ತನಕ ನಡೆಯುತ್ತದೆ. ಪಟ್ಟಣದಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಚ್ಚುವಂತಿಲ್ಲ, ಅದೂ ಸರಿಯೇ, ಮಲಗುವವರು ಇರುತ್ತಾರೆ. ಅದಕ್ಕೇ ಎಳ್ಳಮಾವಾಸ್ಯೆ ಹಿಡಿಯಿರಿ. ಹೇಗೂ ಎಲ್ಲರೂ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಪುಂಡಿ ಪಲ್ಯ ಉಂಡು ಕೂರುತ್ತಾರೆ. ಹಗಲಲ್ಲೇ ಹೊಲದಲ್ಲಿ ಹಾಡಿಸಿ. ಸುತ್ತ ಕೂತರೆ ಮೈಕು ಯಾಕೆ ಬೇಕು? ಗೀಗೀ ಎಂದು ನಾವು ಎತ್ತಿದಾಗ ಕೂತವರೂ ದನಿಗೂಡಿಸುತ್ತಾರೆ. ದೀಪ ಆರಿಸುವವರು ಅಲ್ಲಿ ಯಾರೂ ಇರುವುದಿಲ್ಲ.

ತುಂತುಣಿ_ಧಾರವಾಡ:
ಮೂವರಿಗೂ ಕೈ ಮುಗಿದೆ. ಸಂಘದಲ್ಲಿ ಓದಿ ಹೇಳಿದೆ. ಭಾನುವಾರದ ಪಟ್ಟಿ ಹರಿದು ಹಾಕಿದೆವು. ಎಳ್ಳಮಾವಾಸ್ಯೆಗೆ ಒಬ್ಬ ಸದಸ್ಯರ ಹೊಲ ಗೊತ್ತು ಮಾಡಿದ್ದೇವೆ, ನಾಗೇಶಿಯವರು ಅವತ್ತು ಆ ಉತ್ತರ ಕೊಡಲಿ. ಹಂತಿ ಪದದವರನ್ನು ಹುಡುಕಲು ಇಬ್ಬರು ಸುತ್ತಲ ಹಳ್ಳಿಗಳಿಗೆ ಹೊರಟಿದ್ದಾರೆ. ಆಣಿ-ಪೀಣಿ ಮಾತ್ರ ನನಗೆ ಅನುಮಾನ. ನಮ್ಮ ಓಣಿಯಲ್ಲಿ ಈಗ ದನವೇ ಇಲ್ಲ, ಹುಡುಗರು ಯಾವ ಕೊಟ್ಟಿಗೆಗೆ ದೀಪ ಹಿಡಿದು ಹೋಗಬೇಕು? ಅದನ್ನು ಸುಮ್ನೆ ವೇದಿಕೆಯ ಆಟ ಮಾಡಲು ಮನಸ್ಸಿಲ್ಲ.

ನಿನ್ನೆ ಮಧ್ಯಾಹ್ನ ನಾನು, ನನ್ನ ಹೆಂಡತಿ, ಪಕ್ಕದ ಮನೆಯವರು ಅಜ್ಜಿಯ ಕಟ್ಟೆಗೆ ಹೋದೆವು. ಹಾಡಿನ ಮಾತೇ ಎತ್ತಲಿಲ್ಲ. ಹೆಂಗಸರು ಮೊರ ಹಿಡಿದು ಕೂತರು, ನಾನು ಕಲ್ಲು ಆರಿಸುತ್ತಿದ್ದೆ. ಅರ್ಧ ಚೀಲ ಮುಗಿಯುವ ಹೊತ್ತಿಗೆ ಅಜ್ಜಿ ತವರಿನ ಹಾದಿಯ ಮೇಲೆ ಒಂದು ಸೊಲ್ಲು ಎತ್ತಿದರು. ಅದನ್ನು ಹಿಡಿದವಳು ನನ್ನ ಹೆಂಡತಿ! ಮದುವೆಯಾಗಿ ಮೂವತ್ತೆರಡು ವರ್ಷ, ಅವಳಿಗೆ ಆ ಹಾಡು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಯಾಕೆ ಹೇಳಲಿಲ್ಲ ಎಂದೆ. "ಯಾರು ಕೇಳಿದ್ರು?" ಎಂದಳು.

ಪಂಚಮಿಗೆ ಜೋಕಾಲಿ ಕಟ್ಟಲು ಹಗ್ಗ ತಂದಿದ್ದೇವೆ. ಗುಡಿ ಹಿಂದಿನ ಬೇವಿನ ಗಿಡದ ಟೊಂಗೆ ಗಟ್ಟಿ ಇದೆ, ನಾನೇ ಜೋತುಬಿದ್ದು ನೋಡಿದೆ. ಮೊದಲು ಅಜ್ಜಿಯನ್ನೇ ಕೂಡಿಸುತ್ತೇವೆ. ಗದಗಿನವರೇ, ಆ ಆರು ಪದ ತೆಗೆದುಕೊಂಡು ನೀವೂ ಬನ್ನಿ.