ಇಟ್ಟಿಗೆ ಗೋಡೆಗೆ ಗಾರೆಯೋ ಸಿಮೆಂಟೋ?

ಪ್ರಶ್ನೆ:
ಚಿತ್ರದುರ್ಗದಲ್ಲಿ ಕೋಟೆಯ ಬುಡಕ್ಕೇ ನಮ್ಮ ಅಜ್ಜನ ಮನೆ. ಹಿತ್ತಲಿನಲ್ಲಿ ಕಲ್ಲಿನ ತಳಪಾಯದ ಮೇಲೆ ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆಯಿದೆ. ಸಂದುಗಳಿಗೆ ಹಿಂದೆ ಸಿಮೆಂಟ್ ಮೆತ್ತಿಸಿದ್ದೆ. ಈಗ ಸಿಮೆಂಟಿನ ಗೆರೆ ಹಾಗೆಯೇ ನಿಂತಿದೆ, ನಡುವಿನ ಇಟ್ಟಿಗೆ ಬೆರಳಿಟ್ಟರೆ ಕೆಂಪು ಹಿಟ್ಟಾಗಿ ಉದುರುತ್ತದೆ. ಬಾಗಿಲ ಕಂಬದ ಕಲ್ಲಿನ ಕಮಲದಲ್ಲಿ ಒಂದು ದಳ ಮುರಿದಿದೆ. ಅಜ್ಜನ ಗೋಡೆಯನ್ನು ನಾನೇ ಕೆಡಿಸಿದೆನೆಂಬ ಸಂಕಟ. ಏನು ಮಾಡಲಿ?

ಉತ್ತರ 1:
ಇಂಗ್ಲೆಂಡಿನ ಹಳ್ಳಿಬಂಗಲೆಗಳ ತೋಟದ ಗೋಡೆಗಳಿಗೂ ಇದೇ ಗತಿಯಾಗಿದೆ. ಬಿಸಿಲಿನ ಕಾವು ಹಿಡಿದಿಟ್ಟು ಹಣ್ಣು ಮಾಗಿಸಲೆಂದು ಅಲ್ಲಿ ಇಟ್ಟಿಗೆ ಗೋಡೆಗೆ ಗಿಡಗಳನ್ನು ಒರಗಿಸಿ ಬೆಳೆಸುತ್ತಿದ್ದರು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಅಂದರೆ ಈಗ ನಾವು ಬಳಸುವ ಮಾಮೂಲಿ ಸಿಮೆಂಟಿಗೆ, ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ; ಅದಕ್ಕೂ ಹಿಂದಿನ ಗೋಡೆಗಳು ಹೆಚ್ಚಾಗಿ ಸುಣ್ಣದವು. ಸುಣ್ಣದ ಸಂದಿನಿಂದ ತೇವ ಹೊರಹೋಗುತ್ತದೆ. ಸಿಮೆಂಟ್ ಅದನ್ನು ತಡೆದಾಗ ತೇವವೂ ಲವಣವೂ ಇಟ್ಟಿಗೆಯನ್ನೇ ತಿನ್ನುತ್ತವೆ.

ಉತ್ತರ 2:
ಯಂತ್ರ ಬೇಡ, ಉಳಿ ಸುತ್ತಿಗೆಯಿಂದ ನಿಧಾನವಾಗಿ ಸಿಮೆಂಟ್ ಬಿಡಿಸಿ. ಸಂದು ನೆನೆಸಿ ಸುಣ್ಣ-ಮರಳಿನ ಗಾರೆ ತುಂಬಿ, ಒದ್ದೆ ಗೋಣಿತಟ್ಟು ಹೊದಿಸಿ. ನಮ್ಮ ಬಿಸಿಲಿಗೆ ಬೇಗ ಒಣಗಿದರೆ ಗಾರೆ ಗಟ್ಟಿಯಾಗುವುದಿಲ್ಲ.

ಉತ್ತರ 3:
ಕಮಲವನ್ನು ದಯವಿಟ್ಟು ಮುಟ್ಟಬೇಡಿ. ಇಂಗ್ಲೆಂಡಿನ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ್ದೇ ಇದಕ್ಕಾಗಿ: ಹಳತನ್ನು ಕಾಯಬೇಕು, ಹೊಸದಾಗಿ ಮಾಡಬಾರದು. ಮುರಿದ ದಳ ಸಿಕ್ಕರೆ ಜೋಪಾನವಾಗಿಡಿ.

ಪ್ರಶ್ನೆ ಕೇಳಿದವರು:
ದಳ ಸಿಕ್ಕಿತು! ತುಳಸಿಕಟ್ಟೆಯ ಹಿಂದೆ ಬಿದ್ದಿತ್ತು.