ಮನೆಯೊಳಗಿನ ಕುಂಡಕ್ಕೆ ಗೊಬ್ಬರ: 19-19-19 ಒಳ್ಳೇದಾ, 0-52-34 ಒಳ್ಳೇದಾ? ಲೇಬಲ್ ಓದೋದು ಹೆಂಗೆ?

ಕೋಡಿಬಾಗ_ಕಿಟಕಿ
ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಎರಡನೇ ಮಾಳಿಗೆ ಮನೆ, ಒಳಗೆ ಮಾನ್‌ಸ್ಟೆರಾ, ಮನಿ ಪ್ಲಾಂಟ್, ಅಮ್ಮ ಕೊಟ್ಟ ಎರಡು ಆಂಥೂರಿಯಂ ಇದಾವೆ, ಎಲ್ಲಾ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಇರೋ ಮಿಕ್ಸಲ್ಲಿ. ಆಂಥೂರಿಯಂ ಬರೀ ಎಲೆ ಬಿಡ್ತದೆ, ಹೂವೇ ಇಲ್ಲ. ಅಂಗಡಿಯಲ್ಲಿ ಕೇಳಿದ್ದಕ್ಕೆ ಮೂರು ಕೊಟ್ರು. ಒಂದು 19-19-19, ಇನ್ನೊಂದು 0-52-34, ಹೂವಿಗೆ ಇದೇ ಬೇಕು ಅಂದ್ರು, ಮೂರನೇದು ಒಂದು ಬಾಟ್ಲಿ, ಅದರ ಮೇಲೆ "ಕಂಪ್ಲೀಟ್ ಆರ್ಗ್ಯಾನಿಕ್ ಪ್ಲಾಂಟ್ ಫುಡ್" ಅಂತ ದೊಡ್ಡದಾಗಿ ಬರೆದಿದೆ ಆದ್ರೆ ನಂಬರ್ ಎಲ್ಲೂ ಇಲ್ಲ. 19 ಮೂರು ಸಲ ಕೂಡಿದ್ರೆ 57 ಆಯ್ತು, ಉಳಿದ 43 ಎಂತದು? ಸುಮ್ಮನೆ ಪೌಡರ್ ತುಂಬಿಸಿರ್ತಾರಾ? 52 ಅಂದ್ರೆ 19 ಕ್ಕಿಂತ ಸ್ಟ್ರಾಂಗಾ? ಯಾವುದು ಹಾಕ್ಲಿ?

ಬೇಣದಮನೆ_ಶಿರಸಿ
ಮೂರೂ ಬ್ಯಾಡ ಮಾರಾಯ್ರೆ. ನಾವು ತಲೆಮಾರಿನಿಂದ ಸೊಪ್ಪಿನ ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಹಾಸಿ ಆ ಗೊಬ್ಬರದಲ್ಲೇ ತೋಟ ಮಾಡ್ಕೊಂಡು ಬಂದವರು. ಕುಂಡಕ್ಕೆ ಒಂದು ಮುಷ್ಟಿ ಒಣಗಿದ ಕೊಟ್ಟಿಗೆ ಗೊಬ್ಬರ ಇಲ್ಲಾ ಎರೆಗೊಬ್ಬರ ಹಾಕಿ, ಸಾಕು. ಪ್ಯಾಕೆಟ್ ಮೇಲಿನ ನಂಬರ್ ಕಂಪನಿಯವರು ಮಾರೋದಕ್ಕೆ ಬರೆಯೋದು.

ಕುಮಟೆ_ಮೇಷ್ಟ್ರು
ನಂಬರ್ ಮಾರೋದಕ್ಕೆ ಬರೆಯೋದಲ್ಲ, ಪ್ಯಾಕೆಟ್ ಮೇಲೆ ನಂಬಬಹುದಾದ್ದು ಅಂದ್ರೆ ಅದೊಂದೇ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಅದನ್ನ ಬರೀಲೇಬೇಕು, ಬರೆದಷ್ಟು ಒಳಗೆ ಇರಲೇಬೇಕು. ಮಾರೋದಕ್ಕೆ ಬರೆಯೋದು "ಕಂಪ್ಲೀಟ್", "ಬೂಸ್ಟರ್", "ಮ್ಯಾಜಿಕ್" ಅನ್ನೋ ದೊಡ್ಡ ಅಕ್ಷರದ್ದು.

ಮೊದಲ ಅಂಕಿ ಸಾರಜನಕ, ಎರಡನೇದು ರಂಜಕ, ಮೂರನೇದು ಪೊಟ್ಯಾಶ್, ತೂಕದಲ್ಲಿ ಶೇಕಡಾ ಎಷ್ಟು ಅಂತ. ಇದರಲ್ಲಿ ಒಂದು ವಿಷಯ ಅಂಗಡಿಯವರಿಗೂ ಗೊತ್ತಿರೋದಿಲ್ಲ. ಸಾರಜನಕ ಇದ್ದ ಹಾಗೇ ಲೆಕ್ಕ, ಉಳಿದೆರಡನ್ನ ಮಾತ್ರ ಆಕ್ಸೈಡ್ ರೂಪದಲ್ಲಿ ಲೆಕ್ಕ ಹಾಕಿ ಬರೀತಾರೆ, ಹಳೇ ಕಾಲದ ರಸಾಯನ ವಿಶ್ಲೇಷಣೆಯ ರೂಢಿ ಅದು, ಹಂಗೇ ಉಳ್ಕೊಂಡಿದೆ. ನಿಜವಾದ ರಂಜಕ ಬೇಕು ಅಂದ್ರೆ ಎರಡನೇ ಅಂಕಿಯನ್ನ 0.44 ರಿಂದ ಗುಣಿಸಿ, ಪೊಟ್ಯಾಶಿಯಂ ಬೇಕು ಅಂದ್ರೆ ಮೂರನೇದನ್ನ 0.83 ರಿಂದ. ಆ 52 ರಲ್ಲಿ ನಿಜವಾದ ರಂಜಕ ಸುಮಾರು 23 ಅಷ್ಟೇ.

ಉಳಿದ 43 ಮೋಸ ಅಲ್ಲ. ಯೂರಿಯಾದಲ್ಲಿ 46 ಭಾಗ ಸಾರಜನಕ, ಮಿಕ್ಕಿದ್ದು ಕಾರ್ಬನ್, ಆಮ್ಲಜನಕ, ಜಲಜನಕ, ಅದರ ಜೊತೆ ಯಾರೂ ಪೌಡರ್ ಕಲಸಿಲ್ಲ, ಯೂರಿಯಾ ಅನ್ನೋ ವಸ್ತುವೇ ಹಂಗಿರೋದು. ಬರೀ ಸಾರಜನಕ ಗಾಳಿ, ಬರೀ ರಂಜಕ ಬೆಂಕಿ ಹತ್ತೋ ವಸ್ತು, ಎರಡನ್ನೂ ಪ್ಯಾಕೆಟಲ್ಲಿ ಕೊಡೋಕೆ ಆಗೋದಿಲ್ಲ.

ಇನ್ನು 0-52-34 ಅಂದ್ರೆ ಮಾನೊ ಪೊಟ್ಯಾಶಿಯಂ ಫಾಸ್ಫೇಟ್. ಮೊದಲ ಅಂಕಿ ಸೊನ್ನೆ ನೋಡಿ, ಸಾರಜನಕ ಚೂರೂ ಇಲ್ಲ. ಕೋಕೋಪೀಟಲ್ಲಿ ಇರೋ ಗಿಡಕ್ಕೆ ಇದೊಂದನ್ನೇ ಕೊಡ್ತಾ ಹೋದ್ರೆ ಹಳೇ ಎಲೆ ಹಳದಿ ಆಗೋದು ಖಂಡಿತ.

ಅಂಕೋಲೆ_ನರ್ಸರಿ
ಮೇಷ್ಟ್ರು ಹೇಳಿದ್ದು ಸರಿ ಆದ್ರೆ ಅಂಕಿಗಿಂತ ಹೆಚ್ಚು ಗಿಡ ಸಾಯೋದು ಚಮಚದಿಂದ. ಪ್ಯಾಕೆಟ್ ಹಿಂದೆ ಲೀಟರಿಗೆ 5 ಗ್ರಾಂ ಅಂತ ಇರ್ತದೆ, ಅದು ಗದ್ದೆ ತೋಟದ ಬೆಳೆಗೆ ಎಲೆ ಮೇಲೆ ಸ್ಪ್ರೇ ಮಾಡುದಕ್ಕೆ, ಒಳಗಿನ ಕುಂಡದ ಬುಡಕ್ಕೆ ಸುರಿಯುದಕ್ಕೆ ಅಲ್ಲ. ಜನ ಅದನ್ನೇ ಓದಿ ವಾರ ವಾರ ಹಾಕಿ, ಎಲೆ ತುದಿ ಕಂದು ಆದ್ಮೇಲೆ ನಮ್ಮ ಹತ್ರ ತರ್ತಾರೆ. ಕುಂಡದ ಅಂಚಲ್ಲಿ ಬಿಳಿ ಉಪ್ಪಿನ ಪದರ ಕಟ್ಟಿರ್ತದೆ, ಉಗುರಲ್ಲಿ ಕೆರೆದ್ರೆ ಪುಡಿ ಉದುರ್ತದೆ. ಆಂಥೂರಿಯಂ ಅಂತೂ ಉಪ್ಪು ತಡ್ಕೊಳ್ಳುದೇ ಇಲ್ಲ.

ಕುಮಟೆ_ಮೇಷ್ಟ್ರು
ಅದಕ್ಕೇ ಲೆಕ್ಕ ಹಾಕಿ ನೋಡೋಣ. 19-19-19 ನ 1 ಗ್ರಾಮಲ್ಲಿ 190 ಮಿಲಿಗ್ರಾಂ ಸಾರಜನಕ, ಒಂದು ಲೀಟರಿಗೆ ಹಾಕಿದ್ರೆ 190 ಪಿಪಿಎಂ. 5 ಗ್ರಾಂ ಹಾಕಿದ್ರೆ 950. ಕಿಟಕಿ ಪಕ್ಕದ ಎಲೆಗಿಡಕ್ಕೆ 100 ರ ಆಸುಪಾಸು ಇದ್ರೆ ಸಾಕು. ಟೀ ಚಮಚ ಸಪಾಟಾಗಿ ಒಂದು, ಅಂದ್ರೆ ಹತ್ತಿರ ಹತ್ತಿರ 5 ಗ್ರಾಂ, 10 ಲೀಟರ್ ಬಕೆಟ್ಟಿಗೆ. 95 ಪಿಪಿಎಂ ಬರ್ತದೆ, ಅಷ್ಟೇ.

ಬೇಣದಮನೆ_ಶಿರಸಿ
ಇಷ್ಟೆಲ್ಲ ಲೆಕ್ಕ ಎಂತಕ್ಕೆ ಅಂತ. ಎರೆಗೊಬ್ಬರ ಹಾಕಿದ್ರೆ ಚಮಚವೂ ಬ್ಯಾಡ ಪಿಪಿಎಂಯೂ ಬ್ಯಾಡ, ಗಿಡ ಸುಡೋದಿಲ್ಲ.

ಕುಮಟೆ_ಮೇಷ್ಟ್ರು
ಸುಡೋದಿಲ್ಲ, ಒಪ್ಪಿದೆ. ಆದ್ರೆ ಎರೆಗೊಬ್ಬರದ ಚೀಲದ ಮೇಲೂ ನಂಬರ್ ಇದೆ, ಓದಿ. ಸರ್ಕಾರದ ಮಾನದಂಡದಲ್ಲಿ ಕನಿಷ್ಠ ಸಾರಜನಕ ಶೇಕಡಾ 1, ರಂಜಕ 0.8, ಪೊಟ್ಯಾಶ್ 0.8. ಅಂದ್ರೆ 100 ಗ್ರಾಂ ಎರೆಗೊಬ್ಬರದಲ್ಲಿ 1 ಗ್ರಾಂ ಸಾರಜನಕ, ಹೆಚ್ಚುಕಮ್ಮಿ ಆ ಒಂದು ಟೀ ಚಮಚ 19-19-19 ರಲ್ಲಿ ಇರೋದೂ ಅಷ್ಟೇ. ಬೇರಿಗೆ ಹೋಗೋ ಸಾರಜನಕ ಎರಡರಲ್ಲೂ ಒಂದೇ, ನೈಟ್ರೇಟ್ ಇಲ್ಲಾ ಅಮೋನಿಯಂ. ಎರೆಗೊಬ್ಬರದ್ದು ಸೂಕ್ಷ್ಮಜೀವಿ ಒಡೆದು ನಿಧಾನ ಬಿಡ್ತದೆ, ಚಮಚದ್ದು ತಕ್ಷಣ ಸಿಗ್ತದೆ. ತೋಟದ ಮಣ್ಣಲ್ಲಿ ಎರೆಹುಳ, ಸೊಪ್ಪು, ಮರದ ನೆರಳು ಎಲ್ಲ ಇದೆ, ಆರು ಇಂಚು ಪ್ಲಾಸ್ಟಿಕ್ ಕುಂಡದಲ್ಲಿ ಅದೊಂದೂ ಇಲ್ಲ.

ಮತ್ತೆ ನಿಮ್ಮ ಅಡಿಕೆದೇ ತಗೊಳ್ಳಿ. ಮರಕ್ಕೆ ವರ್ಷಕ್ಕೆ ಎಷ್ಟು ಹೇಳ್ತಾರೆ?

ಬೇಣದಮನೆ_ಶಿರಸಿ
ಅದು ಗೊತ್ತಿದೆ. 100 ಗ್ರಾಂ ಸಾರಜನಕ, 40 ರಂಜಕ, 140 ಪೊಟ್ಯಾಶ್, ಅದರ ಜೊತೆ ಹಸಿರು ಸೊಪ್ಪು 12 ಕೆಜಿ, ಗೊಬ್ಬರ 12 ಕೆಜಿ. ಸೊಪ್ಪು ಗೊಬ್ಬರ ಬಿಟ್ಟು ಬರೀ ಚೀಲದ್ದು ಹಾಕಿ ಅಂತ ಯಾರೂ ಹೇಳಿಲ್ಲ, ಅದನ್ನೂ ಬರೀರಿ ಮೇಷ್ಟ್ರೆ.

ಕುಮಟೆ_ಮೇಷ್ಟ್ರು
ಬರೆದೆ, ಅದು ಪೂರ್ತಿ ಸರಿ. ಈಗ ನಡುವಿನ 40 ನೋಡಿ. ಹೂ ಬಿಟ್ಟು ಗೊನೆ ಕಟ್ಟೋ ಮರಕ್ಕೂ ಮೂರರಲ್ಲಿ ರಂಜಕವೇ ಕಮ್ಮಿ. ಅದೂ ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಲ್ಲಿ, ಅಲ್ಲಿ ಕಬ್ಬಿಣ ಅಲ್ಯೂಮಿನಿಯಂ ಸೇರಿ ರಂಜಕವನ್ನ ಕಟ್ಟಿ ಹಾಕ್ತದೆ, ಗಿಡಕ್ಕೆ ಪೂರ್ತಿ ಸಿಗೋದಿಲ್ಲ. ಕೋಕೋಪೀಟಲ್ಲಿ ಹಂಗೆ ಕಟ್ಟಿ ಹಾಕೋದಕ್ಕೆ ಏನೂ ಇಲ್ಲ, ಹಾಕಿದ್ದು ಹೆಚ್ಚೂಕಡಿಮೆ ಎಲ್ಲಾ ನೀರಲ್ಲೇ ಇರ್ತದೆ. ಅಲ್ಲಿ 52 ಸುರಿದ್ರೆ ಹೂ ಬರೋದಿಲ್ಲ, ಬದಲಿಗೆ ಕಬ್ಬಿಣ, ಸತು ಗಿಡಕ್ಕೆ ಸಿಗೋದು ಕಷ್ಟ ಆಗಿ ಹೊಸ ಎಲೆ ಬಿಳಚಿಕೊಳ್ತದೆ. ಒಳಾಂಗಣ ಎಲೆಗಿಡಗಳಿಗೆ 3-1-2 ಅನುಪಾತ ಅಂತ ಬೆಳೆಗಾರರು ಬಹಳ ಕಾಲದಿಂದ ಹೇಳ್ತಾರೆ, ಅದರಲ್ಲೂ ನಡುವಿನದೇ ಚಿಕ್ಕದು. ಲೇಬಲ್ ಓದೋವಾಗ ಯಾವುದು ದೊಡ್ಡ ಅಂಕಿ ಅಂತ ನೋಡಬೇಡಿ, ಮೂರು ಅಂಕಿ ಒಂದಕ್ಕೊಂದು ಹೆಂಗಿದೆ ಅಂತ ನೋಡಿ. ದೊಡ್ಡದಿದ್ರೆ ನೀರು ಜಾಸ್ತಿ ಬೆರೆಸಬಹುದು, ಅನುಪಾತ ಮಾತ್ರ ನೀರು ಹಾಕಿ ಬದಲಿಸೋಕೆ ಆಗೋದಿಲ್ಲ.

ಅಂಕೋಲೆ_ನರ್ಸರಿ
ಅದನ್ನ ಒಪ್ತೆ, ಆದ್ರೆ ಹೂವಿನ ಟೈಮಲ್ಲಿ ನಾವು 0-52-34 ಸ್ಪ್ರೇ ಮಾಡಿ ಒಳ್ಳೆ ರಿಸಲ್ಟ್ ನೋಡಿದ್ದು ಇದೆ, ಮಲ್ಲಿಗೆಗೆ, ಮೆಣಸಿನ ಗಿಡಕ್ಕೆ.

ಸದಾಶಿವಗಡ_ನೆರಳು
ಮಲ್ಲಿಗೆ ಬಿಸಿಲಲ್ಲಿ ಇರೋ ಗಿಡ. ಇವರ ಆಂಥೂರಿಯಂ ಎಲ್ಲಿದೆ ಅಂತ ಯಾರೂ ಕೇಳ್ಲಿಲ್ಲ. ಆಂಥೂರಿಯಂ ಒಳ್ಳೆ ಬೆಳಕಿದ್ರೆ ಎಲೆಗೊಂದು ಹೂ ಬಿಡೋ ಗಿಡ, ಬರೀ ಎಲೆ ಬರ್ತಿದೆ ಅಂದ್ರೆ ಬೆಳಕು ಸಾಲ್ತಿಲ್ಲ. ಜೂನಿಂದ ಇಲ್ಲಿ ಮನೆ ಮನೆಗೂ ಕಿಟಕಿ ಹೊರಗೆ ನೀಲಿ ಟಾರ್ಪಾಲ್ ಕಟ್ತಾರೆ, ಒಳಗೆ ಹಗಲಲ್ಲೇ ಲೈಟ್ ಹಾಕ್ಬೇಕು, ಅದರಲ್ಲಿ ಗಿಡ ಎಂತ ಉಣ್ತದೆ. ಬೆಳಕಿಲ್ಲದೆ ಬೆಳವಣಿಗೆ ಇಲ್ಲ, ಬೆಳವಣಿಗೆ ಇಲ್ಲದಿದ್ರೆ ಕೊಟ್ಟ ಗೊಬ್ಬರ ಉಪ್ಪಾಗಿ ಕುಂಡದಲ್ಲೇ ಕೂರ್ತದೆ. ಮಳೆಗಾಲ ಪೂರ್ತಿ ಗೊಬ್ಬರ ಬಂದ್ ಮಾಡಿ.

ಬೇಣದಮನೆ_ಶಿರಸಿ
ಇದೊಂದಕ್ಕೆ ನಾನೂ ಸೈ. ಜೋರು ಮಳೆ ಹೊಡೆಯೋವಾಗ ತೋಟಕ್ಕೂ ಹಾಕೋದಿಲ್ಲ, ಕೊಚ್ಚಿ ಹೋಗ್ತದೆ. ಮಳೆ ಇಳಿದ ಮೇಲೆ ಸಪ್ಟೆಂಬರ್ ಅಕ್ಟೋಬರಲ್ಲಿ ಹಾಕೋದು.

ಅಂಕೋಲೆ_ನರ್ಸರಿ
ಒಳಗೆ ಮತ್ತು ಹೊರಗೆ ಒಂದೇ ಅಲ್ಲ. ಒಳಗಿನ ಗಿಡಕ್ಕೆ ಬಂದ್ ಮಾಡಿ, ಸರಿ. ಬಾಲ್ಕನಿಯಲ್ಲಿ ಮಳೆಗೆ ನೆನೀತಾ ಇರೋ ಕುಂಡದ್ದು ಉಲ್ಟಾ ಕತೆ, ಇದ್ದ ಸಾರಜನಕ ಎಲ್ಲ ತೊಳೆದು ಹೋಗಿ ಆಗಸ್ಟಲ್ಲಿ ಎಲೆ ಹಳದಿ ನಿಲ್ತದೆ. ಅವಕ್ಕೆ ನಿಧಾನ ಬಿಡೋ ಕೋಟೆಡ್ ಕಾಳು, ಅಂದ್ರೆ ಮೇಲೆ ಪದರ ಹಚ್ಚಿದ ಗೊಬ್ಬರದ ಕಾಳು, ಒಂದಿಷ್ಟು ಹಾಕಿದ್ರೆ ಒಳ್ಳೇದು. ಆದ್ರೆ ಅದರ ಲೇಬಲಲ್ಲಿ 3 ತಿಂಗಳು, 6 ತಿಂಗಳು ಅಂತ ಇರುದು ಸಾಮಾನ್ಯವಾಗಿ 21 ಡಿಗ್ರಿ ಉಷ್ಣಾಂಶಕ್ಕೆ ಲೆಕ್ಕ ಹಾಕಿದ್ದು. ನಮ್ಮ ಕರಾವಳಿಯಲ್ಲಿ 30 ರ ಸೆಕೆಯಲ್ಲಿ ಅಷ್ಟು ದಿವಸ ಬರುದಿಲ್ಲ, ಬೇಗ ಖಾಲಿ. ಆರು ತಿಂಗಳು ಅಂತ ನಂಬ್ಕೊಂಡು ಕೂರಬೇಡಿ.

ಹೊನ್ನಾವರ_ಬಾಲ್ಕನಿ
ಮೀನು ತೊಳೆದ ನೀರು ಹಾಕಿದ್ರೆ ಹೆಂಗೆ? ನಮ್ಮಲ್ಲಿ ತೆಂಗಿನ ಬುಡಕ್ಕೆ ಅದೇ ಹಾಕ್ತಾರೆ.

ಅಂಕೋಲೆ_ನರ್ಸರಿ
ತೆಂಗು ಉಪ್ಪು ತಡ್ಕೊಳ್ತದೆ, ಮಾನ್‌ಸ್ಟೆರಾ ಇಲ್ಲ. ಮನೆಯೊಳಗೆ ವಾಸನೆ, ನೊಣ ಬೇರೆ. ಹೊರಗಿನ ಮರಕ್ಕೇ ಇರ್ಲಿ ಅದು.

ಕೋಡಿಬಾಗ_ಕಿಟಕಿ
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಕಿಟಕಿಗೆ ಟಾರ್ಪಾಲ್ ಹೌದು ಕಟ್ಟಿದ್ದೇವೆ, ಆಂಥೂರಿಯಂ ಅದರ ಹಿಂದೆಯೇ ಇದೆ. ಬಾಟ್ಲಿ ಹಿಂದೆ ಸಣ್ಣಕ್ಷರದಲ್ಲಿ ಓದಿದೆ, ಸೀವೀಡ್ ಎಕ್ಸ್‌ಟ್ರಾಕ್ಟ್, ಹ್ಯೂಮಿಕ್ ಆಸಿಡ್, ಉಳಿದದ್ದು ನೀರು. 19-19-19 ಹಿಂದೆ ಸಾರಜನಕವನ್ನೇ ಮೂರು ಭಾಗ ಮಾಡಿ ಬರೆದಿದ್ದಾರೆ: ನೈಟ್ರೇಟ್ 4, ಅಮೋನಿಯಾ 4.5, ಯೂರಿಯಾ 10.5. ಅದು ಯಾಕೆ? ಕ್ಯಾಲ್ಸಿಯಂ ಅಂತೂ ಮೂರರಲ್ಲೂ ಕಾಣ್ಲಿಲ್ಲ.

ಕುಮಟೆ_ಮೇಷ್ಟ್ರು
ಚೆನ್ನಾಗಿ ಓದಿದ್ದೀರಿ, ಆ ಸಣ್ಣಕ್ಷರದಲ್ಲೇ ಇರೋದು ವಿಷಯ. ನೈಟ್ರೇಟ್ ಮತ್ತು ಅಮೋನಿಯಂ ಬೇರು ನೇರವಾಗಿ ತಗೊಳ್ತದೆ. ಯೂರಿಯಾವನ್ನ ಮೊದಲು ಕುಂಡದಲ್ಲಿರೋ ಸೂಕ್ಷ್ಮಜೀವಿಗಳು ಅಮೋನಿಯಂ ಮಾಡಬೇಕು, ಆಮೇಲೆ ನೈಟ್ರೇಟ್. ಜೀವ ಇರೋ ಮಣ್ಣಲ್ಲಿ ಇದು ಬೇಗ ಆಗ್ತದೆ, ಬರೀ ಕೋಕೋಪೀಟಲ್ಲಿ ನಿಧಾನ. ಅದಕ್ಕೆ ಬೇಣದಮನೆಯವರ ಒಂದು ಹಿಡಿ ಎರೆಗೊಬ್ಬರ ನಿಮ್ಮ ಮಿಕ್ಸಿಗೆ ಸೇರಿಸಿ, ಆ ಜೀವಿಗಳು ಅದರ ಜೊತೆ ಬರ್ತಾವೆ. ಅವರು ಹೇಳಿದ್ದರಲ್ಲಿ ಅಷ್ಟು ಸತ್ಯ ಇದೆ.

ಕ್ಯಾಲ್ಸಿಯಂ ಕೇಳಿದ್ದು ಮುಖ್ಯ. ಕೋಕೋಪೀಟ್ ಇರೋ ಕ್ಯಾಲ್ಸಿಯಂ ಮೆಗ್ನೀಷಿಯಂ ಎರಡನ್ನೂ ಹಿಡಿದಿಟ್ಟುಕೊಳ್ತದೆ, ಜಂಬಿಟ್ಟಿಗೆ ಸೀಮೆಯ ಬಾವಿ ನೀರು ಮೆದು, ಅದರಿಂದಲೂ ಹೆಚ್ಚೇನೂ ಸಿಗೋದಿಲ್ಲ. ಕ್ಯಾಲ್ಸಿಯಂ ನೈಟ್ರೇಟ್ ಅಂತ ಸಿಗ್ತದೆ, ಸಾರಜನಕ 15.5, ಕ್ಯಾಲ್ಸಿಯಂ 18.8. ಲೀಟರಿಗೆ ಅರ್ಧ ಗ್ರಾಂ. ಒಂದು ಸಲ 19-19-19, ಮುಂದಿನ ಸಲ ಇದು. ಹಂಗೆ ಕೊಟ್ರೆ ಒಟ್ಟು ಅನುಪಾತ 2-1-1 ರ ಹತ್ತಿರ ಬರ್ತದೆ, ಎಲೆಗಿಡಕ್ಕೆ ಬೇಕಾಗಿದ್ದೂ ಅದೇ ದಿಕ್ಕು. ಎರಡನ್ನೂ ಒಟ್ಟಿಗೆ ಒಂದೇ ಲೋಟದಲ್ಲಿ ಗಟ್ಟಿಯಾಗಿ ಕಲಸಬೇಡಿ, ಹಾಲಿನ ಹಂಗೆ ಬಿಳಿ ಆಗಿ ತಳ ಸೇರ್ತದೆ, ಕ್ಯಾಲ್ಸಿಯಂ ರಂಜಕ ಎರಡೂ ಹಾಳು.

ಬಾಟ್ಲಿಯದ್ದು ಆಹಾರ ಅಲ್ಲ. ಸೀವೀಡ್ ಥರದ್ದನ್ನ 2021ರಲ್ಲಿ ಬಯೋಸ್ಟಿಮ್ಯುಲಂಟ್ ಅಂತ ಬೇರೆ ವರ್ಗ ಮಾಡಿ ಅದೇ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದಿದ್ದಾರೆ. ಗಿಡಕ್ಕೆ ಸ್ವಲ್ಪ ಚುರುಕು ಕೊಡಬಹುದು, ಆದ್ರೆ ಸಾರಜನಕದ ಕೊರತೆ ತುಂಬೋದಿಲ್ಲ. "ಕಂಪ್ಲೀಟ್ ಫುಡ್" ಅಂತ ಬರೆದು ನಂಬರ್ ಕೊಡದವರ ಬಾಟ್ಲಿಗೆ ದುಡ್ಡು ಕೊಡಬೇಡಿ, ಇದನ್ನ ನಾನು ಖಡಾಖಂಡಿತವಾಗಿ ಹೇಳ್ತೇನೆ.

ಸದಾಶಿವಗಡ_ನೆರಳು
ಮೊದಲು ಆ ಎರಡು ಕುಂಡ ಟಾರ್ಪಾಲ್ ಹಿಂದಿಂದ ಎತ್ತಿ ಬೆಳಕಿರೋ ಕಡೆ ಇಡಿ. ನೇರ ಬಿಸಿಲು ಬೇಡ.

ಅಂಕೋಲೆ_ನರ್ಸರಿ
ಮತ್ತೆ ಮಳೆಗಾಲದಲ್ಲಿ ಪ್ಯಾಕೆಟ್ ಬಾಯಿ ತೆಗೆದು ಇಡಬೇಡಿ, ಕ್ಯಾಲ್ಸಿಯಂ ನೈಟ್ರೇಟ್ ಅಂತೂ ಗಾಳಿಯ ಪಸೆ ಎಳ್ಕೊಂಡು ನೀರೇ ಆಗ್ತದೆ, ಆಮೇಲೆ ಚಮಚದ ಲೆಕ್ಕ ಸರಿ ಬರುದಿಲ್ಲ. ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ, ಮೇಲೆ ಮೂರು ಅಂಕಿ ಬರೆದು ಅಂಟಿಸಿ. ಆ 0-52-34 ನಿಮಗೆ ಬೇಡ ಆದ್ರೆ ತಾರಸಿ ಮೇಲೆ ಮೆಣಸು, ಟೊಮೆಟೊ ಬೆಳೆಯೋ ಯಾರಿಗಾದ್ರೂ ಕೊಡಿ, ಅವರಿಗೆ ಉಪಯೋಗ ಆಗ್ತದೆ.